ಮೂರು ಪಟ್ಟಿ, ಒಂದು ಹಂಡೆ

ಒಂದಾನೊಂದು ಕಾಲದಲ್ಲಿ... ಕಾಲಾಡಿಸಬೇಡ ಕೂಸೇ, ಕೌದಿ ಜಾರುತ್ತೆ. ಹ್ಞಾಂ, ಒಂದಾನೊಂದು ಕಾಲದಲ್ಲಿ, ಏಳು ಬೆಟ್ಟ ದಾಟಿ ಮರಳುಗಾಡು ದಾಟಿದ್ರೆ ಉಜ್ಬೇಕರ ಸೀಮೆ ಅಂತ ಒಂದಿತ್ತಂತೆ. ಅಲ್ಲಿ ಹತ್ತಿ ಬೆಳೀತಿದ್ರಂತೆ, ರೇಷ್ಮೆ ಹುಳ ಸಾಕ್ತಿದ್ರಂತೆ, ಮನೆಗಳೆಲ್ಲಾ ಮಣ್ಣಿನವಂತೆ. ಹೊರಗಿಂದ ನೋಡಿದ್ರೆ ಬರೀ ಬೋಳು ಗೋಡೆ. ಒಳಗೆ ಕಾಲಿಟ್ರೆ ಮಾತ್ರ ಗೋಡೆ ತುಂಬಾ ಹೂವು. ಬರೆದ ಹೂವಲ್ಲ ಕಣೇ, ಹೊಲಿದ ಹೂವು. ಬಿಳೀ ಬಟ್ಟೆ ಮೇಲೆ ರೇಷ್ಮೆ ದಾರದಲ್ಲಿ ಮೊರದಷ್ಟಗಲ ಕೆಂಪು ಹೂವು ತುಂಬಿ ಗೋಡೆಗೆ ತೂಗುಹಾಕೋರಂತೆ, ಹಾಸಿಗೆಗೆ ಹೊದಿಸೋರಂತೆ, ಗೂಡಲ್ಲಿ ಮಡಿಚಿಟ್ಟ ರಜಾಯಿ ಕಾಣದ ಹಾಗೆ ಪರದೆ ಬಿಡೋರಂತೆ. ಅದಕ್ಕೆ ಸುಜನಿ ಅಂತ ಹೆಸರು.

ಹೆಣ್ಣು ಕೂಸು ಹುಟ್ಟಿದ ವರ್ಷವೇ ಅದರ ಮದುವೆ ಸುಜನಿ ಶುರು ಮಾಡ್ಬೇಕು ಅನ್ನೋದು ಅಲ್ಲಿನ ಪದ್ಧತಿಯಂತೆ. ಮಗ್ಗದ ಬಟ್ಟೆ ಅಗಲ ಕಮ್ಮಿ ನೋಡು, ಅದಕ್ಕೆ ಮೂರು ಪಟ್ಟಿ ಪಕ್ಕಪಕ್ಕ ಇಟ್ಟು ಕಚ್ಚಾ ಹೊಲಿಗೆ ಹಾಕಿ ಕೂಡಿಸಿ, ಮನೆಯ ಹಿರೀ ಹೆಂಗಸು ಜೊಂಡಿನ ಲೇಖನಿ ತಗೊಂಡು ಅದರ ಮೇಲೆ ಹೂವು ಬಳ್ಳಿ ಬರೀತಾಳೆ. ಆಮೇಲೆ ಆ ಹೊಲಿಗೆ ಬಿಚ್ಚಿ ಮೂರು ಪಟ್ಟೀನ ಮೂರು ಜನಕ್ಕೆ ಹಂಚ್ತಾಳೆ. ಅವರವರ ಪಟ್ಟಿ ಅವರವರು ಹೊಲೀಬೇಕು, ಮದುವೆ ಹೊತ್ತಿಗೆ ಮತ್ತೆ ಕೂಡಿಸಬೇಕು. ಹಾಗಾಗಿ ಒಂದೇ ಹೂವಿನ ಅರ್ಧ ಇವಳ ಹತ್ರ, ಇನ್ನರ್ಧ ಅವಳ ಹತ್ರ. ಜೊತೆಗೆ ಎಲ್ಲಾದ್ರೂ ಒಂದು ಕಡೆ ಚೂರು ಖಾಲಿ ಬಿಡಬೇಕಂತೆ. ಪೂರಾ ಮುಗಿಸಿಬಿಟ್ರೆ ಆ ಮನೇಲಿ ಇನ್ನು ಹೊಲಿಯೋಕೆ ಏನೂ ಉಳಿದಿಲ್ಲ ಅಂತಾಗುತ್ತಲ್ಲ, ಅದಕ್ಕೆ.

ಅಂಥಾ ಊರಲ್ಲಿ ಒಬ್ಬ ಮುದುಕಿ. ಅವಳಿಗೆ ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೇರು. ದೊಡ್ಡೋಳು ಜುಮ್ರದ್, ನಡುವಿನೋಳು ಸೈದಾ, ಚಿಕ್ಕೋಳು ಮೊಹಿರಾ. ಮೂರು ಮನೆಗೂ ಸೇರಿ ಹುಟ್ಟಿದ್ದು ಒಂದೇ ಹೆಣ್ಣು, ಚಿಕ್ಕೋಳ ಮಗಳು ರೋಬಿಯಾ. ಮುದುಕಿ ಖುಷಿಯಾಗಿ ಹೂವು ಬರೆದು ಎಡದ ಪಟ್ಟಿ ಮೊಹಿರಾಗೆ, ಬಲದ ಪಟ್ಟಿ ಸೈದಾಗೆ, ನಡುಪಟ್ಟಿ ದೊಡ್ಡ ಸೊಸೆ ಜುಮ್ರದ್‌ಗೆ ಕೊಟ್ಲಂತೆ. ಮನೇಲಿ ದೊಡ್ಡದೊಂದು ತಾಮ್ರದ ಹಂಡೆ ಇತ್ತು. ಮಂಜಿಷ್ಠೆ ಬೇರು ಕುದಿಸಿ ವರ್ಷದ ದಾರಾನೆಲ್ಲಾ ಅದರಲ್ಲಿ ಒಂದೇ ಸಲಕ್ಕೆ ಅದ್ದೋರು, ಮೂರೂ ಜನದ ಕೆಂಪು ಒಂದೇ ಕೆಂಪಾಗಿರೋದು.

ಆಮೇಲೆ ಮುದುಕಿ ತೀರಿಕೊಂಡ್ಲು. ರೋಬಿಯಾಗೆ ಆಗ ಆರು ವರ್ಷ. ಹಂಡೆ ಯಾರಿಗೆ ಅಂತ ಜುಮ್ರದ್‌ಗೂ ಮೊಹಿರಾಗೂ ಜಗಳ ಹತ್ತಿಕೊಳ್ತಂತೆ. ಅತ್ತೆ ನಂಗೆ ಅಂದಿದ್ರು ಅಂತ ಇವಳು, ಹಿರೀಸೊಸೆ ನಾನು ಅಂತ ಅವಳು. ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತಾರಲ್ಲ, ಹಂಗೆ ಅಂಗಳದ ಮಧ್ಯೆ ಗೋಡೆ ಎದ್ದೇಬಿಡ್ತು. ಗೋಡೇಲಿ ಒಂದು ಸಣ್ಣ ಬಾಗಿಲು ಬಿಟ್ರು, ಬಿಟ್ಟ ದಿನವೇ ಅಗುಳಿ ಹಾಕಿದ್ರು. ಹಂಡೆ ಮೊಹಿರಾ ಕಡೆ ಉಳೀತು. ಹಂಡೆಗೋಸ್ಕರ ಯಾರಾದ್ರೂ ಗೋಡೆ ಕಟ್ತಾರಾ ಅಂತೀಯಾ? ಕಟ್ತಾರೆ, ಕಟ್ತಾರೆ. ಅದಕ್ಕಿಂತ ಸಣ್ಣದಕ್ಕೂ ಕಟ್ತಾರೆ. ನೀನು ಕಣ್ಮುಚ್ಚು.

ಹನ್ನೆರಡು ವರ್ಷ ಕಳೀತಂತೆ. ರೋಬಿಯಾಗೆ ಮದುವೆ ಗೊತ್ತಾಯ್ತು, ಇನ್ನು ನಲವತ್ತೇ ದಿನ. ಗಂಡಿನ ಮನೆ ಹೆಂಗಸರು ಸುಜನಿ ತೂಗುಹಾಕಿದ ಕೂಡಲೇ ಹೂವು ನೋಡೋದಿಲ್ಲವಂತೆ, ಹೊಲಿಗೆ ಕೂಡಿದ ಜಾಗ ನೋಡ್ತಾರಂತೆ, ಈ ಹುಡುಗಿ ಬೆನ್ನ ಹಿಂದೆ ಎಷ್ಟು ಕೈ ಇದಾವೆ ಅಂತ. ರೋಬಿಯಾ ಹತ್ರ ಇದ್ದದ್ದು ಅಮ್ಮ ಹೊಲಿದ ಒಂದೇ ಪಟ್ಟಿ. ಅದನ್ನಷ್ಟೇ ತೂಗುಹಾಕಿದ್ರೆ ಗೋಡೆಗೆ ಪಂಚೆ ಒಣಗಹಾಕಿದ ಹಾಗೆ. ಉಳಿದೆರಡು ತರೋಣ ಅಂದ್ರೆ ಅಮ್ಮ, ಆ ಬಾಗಿಲು ನಾನು ದಾಟಲ್ಲ, ಬೇಕಾದ್ರೆ ನಾನೇ ಹೊಸದು ಹೊಲಿದು ಕೊಡ್ತೀನಿ ಅಂದ್ಲು. ಹದಿನೆಂಟು ವರ್ಷದ ಕೆಲಸ ನಲವತ್ತು ದಿನದಲ್ಲಿ ಆಗುತ್ತಾ? ರೋಬಿಯಾ ತಾನೇ ಹೊರಟ್ಲಂತೆ.

ಮೊದಲು ಹೋಗಿದ್ದು ಗೋಡೆಯ ಈಚೆಗೇ ಇದ್ದ ನಡುವಿನ ದೊಡ್ಡಮ್ಮ ಸೈದಾ ಮನೆಗೆ. ಸೈದಾಗೆ ಕಣ್ಣಲ್ಲಿ ಪೊರೆ ಬಂದು ಏನೂ ಕಾಣ್ತಿರಲಿಲ್ಲ. ಕೊನೇ ಬಳ್ಳಿ ಇನ್ನೂ ಬಾಕಿ ಇದೆ ಮಗಳೇ, ಸೂಜಿಗೆ ದಾರ ಪೋಣಿಸಿಕೊಡು ಸಾಕು ಅಂದ್ಲಂತೆ. ರೋಬಿಯಾ ಮೂರು ದಿನ ಪಕ್ಕದಲ್ಲಿ ಕೂತು ಪೋಣಿಸಿದ್ಲು. ದೊಡ್ಡಮ್ಮ ಬೆರಳಲ್ಲಿ ತಡವಿ ತಡವಿ ಹೊಲಿದ್ಲು. ಎಲೆಗಳು ಅಜ್ಜಿ ಬರೆದ ಗೆರೆ ಬಿಟ್ಟು ಎಲ್ಲೆಲ್ಲೋ ಹೋಗಿದ್ವು. ರೋಬಿಯಾಗೆ ಸ್ವಲ್ಪ ನಾಚಿಕೆಯಾಯ್ತು, ಆದ್ರೂ ಪಟ್ಟಿ ಮಡಿಚಿ ತಂದ್ಲು.

ಆಮೇಲೆ ಗೋಡೆಯ ಬಾಗಿಲು. ಅಗುಳಿ ತುಕ್ಕು ಹಿಡಿದಿತ್ತು, ಕಲ್ಲಲ್ಲಿ ಕುಟ್ಟಿ ತೆಗೆದ್ಲಂತೆ. ದೊಡ್ಡಮ್ಮ ಜುಮ್ರದ್ ಬೈದೇ ಬೈತಾಳೆ ಅಂದುಕೊಂಡಿದ್ಲು, ಅವಳು ಬೈಯಲಿಲ್ಲ. ಕೂರಿಸಿ ರೊಟ್ಟಿ ಮುರಿದು ಕೊಟ್ಟು, ಒಣ ದ್ರಾಕ್ಷಿ ಇಟ್ಟು, ಕುಡಿಯೋಕೆ ನೀರು ಕೊಟ್ಲು. ಅಮ್ಮ ಕಳಿಸಿದ್ಲಾ ಅಂತ ಕೇಳಿದ್ಲು. ಇಲ್ಲ ಅಂದ್ಲು ರೋಬಿಯಾ, ಸುಳ್ಳು ಹೇಳಲಿಲ್ಲ. ದೊಡ್ಡಮ್ಮ ಪೆಟ್ಟಿಗೆ ತೆಗೆದು, ಮಡಿಚಿಟ್ಟಿದ್ದ ಪಟ್ಟಿ ಮಡಿಲಿಗೆ ಹಾಕಿ ಕಳಿಸಿಬಿಟ್ಲಂತೆ.

ರೋಬಿಯಾಗೆ ಪಟ್ಟಿ ಸಿಕ್ಕಿತು, ಮನಸ್ಸು ಮಾತ್ರ ಉರೀತಿತ್ತು. ಯಾಕೆ ಗೊತ್ತಾ? ಆ ಸೀಮೇಲಿ ಹಗೆಯವನು ಬಂದ್ರೂ ಮೊದಲು ಚಾ ಕೊಡ್ತಾರಂತೆ. ದೊಡ್ಡಮ್ಮನ ಒಲೆ ಪಕ್ಕದಲ್ಲೇ ಚಾ ಪಾತ್ರೆ ಕೂತಿತ್ತು, ಚಾ ಮಾತ್ರ ಕೊಡಲಿಲ್ಲ. ಮದುಮಗಳು ಅಂತ ಗೊತ್ತಿದ್ದೂ ಬರೀ ನೀರು ಕೊಟ್ಟಳಲ್ಲ ಅಂತ ಹುಡುಗಿ ಬಾಗಿಲು ದಾಟ್ತಾ ಕಣ್ಣೊರೆಸಿಕೊಂಡ್ಲು.

ಮನೆಗೆ ಬಂದು ಮೂರು ಪಟ್ಟೀನ ಬಿಸಿಲಲ್ಲಿ ಹಾಸಿ ನೋಡ್ತಾಳೆ, ಹೂವು ಹೂವಿಗೆ ಕೂಡ್ತಿತ್ತು, ಬಣ್ಣ ಕೂಡ್ತಿರಲಿಲ್ಲ. ಅಮ್ಮನ ಅರ್ಧ ಹೂವು ಒಂದೇ ಸಮ ಕೆಂಪು. ಜುಮ್ರದ್ ದೊಡ್ಡಮ್ಮನ ಅರ್ಧದಲ್ಲಿ ಒಂದು ಎಸಳು ಇಟ್ಟಿಗೆ ಬಣ್ಣ, ಒಂದು ಈರುಳ್ಳಿ ಸಿಪ್ಪೆ ಬಣ್ಣ, ಇನ್ನೊಂದು ಕಪ್ಪಿಗೆ ತಿರುಗಿತ್ತು. ಬೇಕಂತಲೇ ಕೆಡಿಸಿದಾಳೆ ಅನ್ನಿಸಿ ರೋಬಿಯಾಗೆ ಸಿಟ್ಟು ನೆತ್ತಿಗೇರ್ತಂತೆ. ಚಾಕು ತಗೊಂಡು ಒಂದು ಎಸಳು ಬಿಚ್ಚೇಬಿಟ್ಲು.

ಅಷ್ಟರಲ್ಲಿ ಅಮ್ಮ ನೀರು ಹೊತ್ತು ಬಂದ್ಲು. ಕೆಳಗೆ ಬಿದ್ದಿದ್ದ ದಾರ ಎತ್ತಿ ಬಿಸಿಲಿಗೆ ಹಿಡಿದು ನೋಡಿದ್ಲು. ಪಟ್ಟಿ ಮೇಲೆ ಕೈಯಾಡಿಸಿದ್ಲು. ನಿಮ್ಮ ದೊಡ್ಡಮ್ಮ ಚಾ ಕೊಟ್ಟಳೇನೇ ಅಂತ ಕೇಳಿದ್ಲು. ಇಲ್ಲ ಅಂದಾಗ ಮೊಹಿರಾ ಅಲ್ಲೇ ನೆಲದ ಮೇಲೆ ಕೂತುಬಿಟ್ಲಂತೆ.

"ಇದು ಹಂಡೇಲಿ ಅದ್ದಿದ ದಾರ ಅಲ್ಲ ಮಗಳೇ, ಚಾ ಪಾತ್ರೇಲಿ ಅದ್ದಿದ್ದು. ಹಂಡೆ ನಾನು ಇಟ್ಕೊಂಡೆನಲ್ಲ. ಅಷ್ಟು ಚಿಕ್ಕ ಪಾತ್ರೇಲಿ ಒಂದು ಎಸಳಿಗಾಗುವಷ್ಟೇ ದಾರ ಹಿಡಿಯೋದು. ಎಷ್ಟು ಎಸಳೋ ಅಷ್ಟು ಸಲ ಒಲೆ ಹಚ್ಚಿದಾಳೆ. ಅವಳ ಹತ್ರ ಇರೋದು ಅದೊಂದೇ ಪಾತ್ರೆ, ಬಣ್ಣ ಕುದಿಸಿದ್ರಲ್ಲಿ ಮತ್ತೆ ಚಾ ಕಾಯಿಸೋಕಾಗಲ್ಲ. ಹನ್ನೆರಡು ವರ್ಷ ಅವಳ ಮನೇಲಿ ಚಾ ಇಲ್ಲ."

ರೋಬಿಯಾ ಕೈಯಲ್ಲಿದ್ದ ಚಾಕು ಕೆಳಗಿಟ್ಲು. ತಾನು ಏನು ಬಿಚ್ಚಿದೆ ಅಂತ ಅವಳಿಗೆ ಆಗ ಗೊತ್ತಾಯ್ತು, ಬಿಕ್ಕಿಬಿಕ್ಕಿ ಅತ್ಲು.

ಮೊಹಿರಾ ಅಳಲಿಲ್ಲ. ಎದ್ದು ಹಂಡೆ ತೊಳೆದು, ಅದರೊಳಗೆ ತನ್ನ ಚಾ ಪಾತ್ರೆ ಇಟ್ಟು, ತಲೆ ಮೇಲೆ ಹೊತ್ತು ಆ ಸಣ್ಣ ಬಾಗಿಲ ಹತ್ರ ಹೋಗಿ ನಿಂತ್ಲಂತೆ. ಹಂಡೆ ಅಗಲ, ಬಾಗಿಲು ಕಿರಿದು, ದಾಟೋಕೆ ಆಗ್ಲಿಲ್ಲ.

"ಅಕ್ಕಾ, ಭಾರ ಆಗ್ತಿದೆ, ಬಾ."

ಜುಮ್ರದ್ ಬಂದು ನೋಡಿದ್ಲು. "ಹನ್ನೆರಡು ವರ್ಷ ಹೊತ್ತಿದ್ದೀಯ, ಇನ್ನು ಇಳಿಸು" ಅಂತ ಕೈಕೊಟ್ಲಂತೆ.

ಆಮೇಲೆ ಗಂಡಸರು ಬಂದು ಹಂಡೆ ದಾಟುವಷ್ಟು ಗೋಡೆ ಒಡೆದ್ರು, ಒಡೆಯೋಕೆ ಕೂತ ಮೇಲೆ ಪೂರ್ತಿ ಒಡೆದುಬಿಟ್ರು. ಮೊಹಿರಾ ತಂದ ಪಾತ್ರೇಲಿ ಚಾ ಆಯ್ತು. ರೋಬಿಯಾ ತಲೆ ತಗ್ಗಿಸಿಕೊಂಡು, ದೊಡ್ಡಮ್ಮ, ನಾನೊಂದು ಎಸಳು ಬಿಚ್ಚಿದೀನಿ, ಮತ್ತೆ ಹೊಲೀತೀನಿ ಅಂದ್ಲು. ಜುಮ್ರದ್ ಖಾಲಿ ಎಸಳನ್ನ ಸವರಿ ನೋಡಿದ್ಲು. ದಾರ ಹೋದ ಕಡೆ ಮುದುಕಿಯ ಲೇಖನಿ ಗೆರೆ ಹಾಗೇ ಕಾಣ್ತಿತ್ತಂತೆ. ಬಿಡು ಮಗಳೇ, ಎಲ್ಲಾದ್ರೂ ಖಾಲಿ ಬಿಡಿ ಅಂತ ನಿಮ್ಮಜ್ಜಿ ಹೇಳಿದ್ರು, ಎಲ್ಲಿ ಬಿಡೋದು ಅಂತ ನಂಗೆ ತೋಚಿರಲಿಲ್ಲ, ಇಲ್ಲೇ ಇರಲಿ ಅಂದ್ಲಂತೆ.

ಮೂರು ಜನ ಓರಗಿತ್ತಿಯರೂ ಕೂತು ಪಟ್ಟಿ ಕೂಡಿಸಿದ್ರು. ಗಂಡಿನ ಮನೇಲಿ ರೋಬಿಯಾಳ ಅತ್ತೆ ಹೊಲಿಗೆ ಮೇಲೆ ಬೆರಳಿಟ್ಟು, ಯಾಕಮ್ಮಾ ಈ ಕೆಂಪು ಬೇರೆ ಬೇರೆ ಅಂದಾಗ, ಅವಳು ನಾಚಿಕೊಳ್ಳದೆ ಒಂದೊಂದು ಎಸಳಿನ ಕತೆ ಹೇಳಿದ್ಲಂತೆ. ಅತ್ತೆ ಅದನ್ನ ಕಿಟಕಿ ಬೆಳಕು ಬೀಳೋ ಗೋಡೆಗೇ ತೂಗುಹಾಕಿಸಿದ್ಲು. ಮುಂದೆ ರೋಬಿಯಾಗೆ ಹೆಣ್ಣು ಕೂಸು ಹುಟ್ಟಿದಾಗ ತೌರಿಂದ ಬಂದ ಎತ್ತಿನ ಗಾಡಿಯಿಂದ ಮೊದಲು ಇಳಿದಿದ್ದು ಆ ಹಂಡೆ. ಎಲ್ಲರೂ ಚೆನ್ನಾಗಿದ್ರು.

ಅವರ ಕತೆ ಅಲ್ಲಿಗೆ ಮುಗೀತು. ನಿನ್ನ ಬೆರಳು ಕೌದೀಲಿ ಏನು ಕೆದಕ್ತಿದೆ? ಆ ಹಸಿರು ತೇಪೆನಾ? ಅದು ನನ್ನ ಓರಗಿತ್ತಿ ಹಾಕಿದ್ದು. ನೀನು ಅವಳನ್ನ ನೋಡಿಲ್ಲ. ಬೆಳಗಾಗಲಿ, ಕರ್ಕೊಂಡು ಹೋಗ್ತೀನಿ. ಮಲಕ್ಕೋ.