ಎಲೆಗೆ ಬೀಳದ ಅನ್ನ

ಹೊಳೆಯ ದಂಡೆಯಲ್ಲಿ ಒಂದು ಕ್ರೈಸ್ತ ಆಶ್ರಮ. ಅದಕ್ಕೊಂದು ಪುಟ್ಟ ದೇವಾಲಯ. ಗುರುಗಳು ದೇವದಾನ ಅಯ್ಯನವರು. ಶಿಷ್ಯ ಯೋವೇಲ.

ಬೆಳೆಹಬ್ಬದ ಭಾನುವಾರ ಗುರುಗಳು ಹೇಳಿದರು: “ಇವತ್ತು ಆರಾಧನೆ ನೀನು ನಡೆಸು. ಅಡುಗೆ ನಾನು ನೋಡಿಕೊಳ್ಳುತ್ತೇನೆ.”

ಮಧ್ಯಾಹ್ನ ಯೋವೇಲ ಅಡುಗೆಮನೆಗೆ ಬಂದ. ಮುಖ ಅರಳಿತ್ತು.

“ಹೇಗಾಯಿತಪ್ಪಾ?”

“ಬಹಳ ಚೆನ್ನಾಯಿತು ಅಯ್ಯಾ. ಸ್ವಾಗತಗೀತೆ, ಅತಿಥಿಗಳಿಗೆ ಹಾರ, ಮಹಿಳಾ ಸಂಘದ ವರದಿ, ಯುವಕರ ಕೋಲಾಟ, ಫಸಲಿನ ಹರಾಜು, ವಂದನಾರ್ಪಣೆ. ಏನೂ ಬಿಟ್ಟುಹೋಗಲಿಲ್ಲ.”

“ಸುವಾರ್ತೆ ಓದಿದೆಯಾ?”

“ಅದೊಂದು ಬಿಟ್ಟೆ. ಹೊತ್ತಾಗಿತ್ತು. ಹೇಗೂ ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ?”

ಗುರುಗಳು ತಲೆಯಾಡಿಸಿದರು. “ಕೈ ತೊಳೆದು ಬಾ.”

ಇಬ್ಬರಿಗೂ ಎಲೆ ಹಾಕಿದರು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಬಗೆಯ ಪಲ್ಯ, ಹಪ್ಪಳ ಬಡಿಸಿದರು. ಮೇಲೆ ಸಾರನ್ನೂ ಸುರಿದರು. ಸಾರು ಎಲೆಯ ಮೇಲೆಲ್ಲಾ ಹರಿಯಿತು.

“ಅಯ್ಯಾ, ಅನ್ನ?”

“ಅದೊಂದು ಬಿಟ್ಟೆ. ಹೊತ್ತಾಗಿತ್ತು. ಹೇಗೂ ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ?”

ಯೋವೇಲ ನಕ್ಕ. ಗುರುಗಳು ನಗಲಿಲ್ಲ. ಯೋವೇಲ ಉಪ್ಪಿನಕಾಯಿ ನೋಡುತ್ತಾ ಕೂತ.

“ಆರಾಧನೆಗೆ ಹಸಿದು ಬಂದವರು ಯಾರಾದರೂ ಇದ್ದರಾ?”

“ಗಂಟೆ ರೂಬೇನ ಬಂದಿದ್ದ.”

ಹಿಂದೊಮ್ಮೆ ದೇವಾಲಯದ ಕಂಚಿನ ಗಂಟೆಯನ್ನು ಗುಜರಿಗೆ ಮಾರಿ ಜೈಲಿಗೆ ಹೋದವನು ಈ ರೂಬೇನ. ಅಂದಿನಿಂದ ಗಂಟೆಯ ಸದ್ದನ್ನು ಧ್ವನಿವರ್ಧಕದಲ್ಲಿ ಹಾಕುತ್ತಾರೆ. ಭಕ್ತಿ ಕಡಿಮೆಯಾಯಿತೆಂದು ಯಾರೂ ದೂರಿಲ್ಲ.

“ಎಲ್ಲಿ ಕೂತಿದ್ದ?”

“ಕೊನೆಯ ಬೆಂಚಿನಲ್ಲಿ. ಆ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಹೋಗುವಾಗ ನನ್ನ ಹತ್ತಿರ ಬಂದು, ‘ಇಲ್ಲಿ ನನಗೇನಾದರೂ ಇದೆಯಾ?’ ಅಂತ ಕೇಳಿದ.”

“ಏನು ಕೊಟ್ಟೆ?”

“ಒಂದು ಕುಂಬಳಕಾಯಿ. ಹರಾಜಿನಲ್ಲಿ ಯಾರೂ ಕೂಗದೆ ಉಳಿದಿತ್ತು.”

“ಏನಂದ?”

“ದೋಣಿ ಹಿಡಿದು ಹೋಗುತ್ತೇನೆ, ಇನ್ನು ಈ ಕಡೆ ಬರುವುದಿಲ್ಲ ಅಂದ. ಸ್ವಲ್ಪ ದೊಡ್ಡದು ಕೊಡಬೇಕಿತ್ತೇನೋ.”

ಗುರುಗಳು ಹಪ್ಪಳ ಮುರಿದರು. “ಇವತ್ತು ಓದಬೇಕಾಗಿದ್ದ ಸುವಾರ್ತೆಯ ಭಾಗ ಯಾವುದು?”

ಯೋವೇಲ ಮೆಲ್ಲಗೆ ಹೇಳಿದ: “ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನದು.”

ಯೋವೇಲ ಎಲೆ ಬಿಟ್ಟು ಎದ್ದು ಹೊಳೆಯ ಕಡೆ ಓಡಿದ.

ದೋಣಿ ಹೊರಡುವುದರಲ್ಲಿತ್ತು. ರೂಬೇನ ಕುಂಬಳಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಅಣ್ಣಾ, ಇಳಿ.”

“ಯಾಕೆ, ಕಾಯಿ ವಾಪಸ್ ಬೇಕಾ?”

“ಬೇಡ. ನಿನಗೊಂದು ಮಾತು ಹೇಳುವುದು ಉಳಿದುಹೋಯಿತು.”

“ಗಂಟೆ ವಿಷಯವಾದರೆ ಜಡ್ಜ್ ಹೇಳಿಯಾಗಿದೆ.”

ಯೋವೇಲನಿಗೆ ವಂದನಾರ್ಪಣೆ ಬಾಯಿಪಾಠವಿತ್ತು. ಈ ಮಾತು ಹಾಗಿರಲಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಿಂತು ಹೇಳಿದ:

“ಯೇಸುವಿನ ಪಕ್ಕ ಒಬ್ಬ ಕಳ್ಳನನ್ನೂ ಶಿಲುಬೆಗೆ ಹಾಕಿದ್ದರು. ಕದ್ದದ್ದನ್ನು ಹಿಂದಿರುಗಿಸೋಣವೆಂದರೆ ಅವನ ಕೈಗೆ ಮೊಳೆ ಹೊಡೆದಿತ್ತು. ನನ್ನನ್ನು ಮರೆಯಬೇಡ ಅಂತ ಬೇಡಿಕೊಂಡ, ಅಷ್ಟೇ. ಯೇಸು ಅವನನ್ನು ಅವತ್ತೇ ತಮ್ಮ ಜೊತೆ ಸ್ವರ್ಗಕ್ಕೆ ಕರೆದುಕೊಂಡು ಹೋದರು.”

ರೂಬೇನ ಅವನ ಕಡೆ ತಿರುಗಿದ. “ಮೊದಲು ಎಲ್ಲಾ ಸರಿಮಾಡಿ ಆಮೇಲೆ ಬಾ ಅನ್ನಲಿಲ್ಲವಾ?”

“ಇಲ್ಲ.”

“ಮತ್ತೆ ಇದನ್ನು ಬೆಳಿಗ್ಗೆಯೇ ಹೇಳಬಹುದಿತ್ತಲ್ಲ.”

“ಹರಾಜು ಇತ್ತು.”

ಅಂಬಿಗ ಹುಟ್ಟು ಎತ್ತಿಕೊಂಡು ಕೇಳಿದ: “ಇಳಿಯುವವರು ಯಾರಾದರೂ ಇದ್ದೀರಾ?”

ಇಬ್ಬರೂ ಆಶ್ರಮಕ್ಕೆ ಬಂದಾಗ ಗುರುಗಳು ಮೂರನೆಯ ಎಲೆ ಹಾಕಿ ಕಾಯುತ್ತಿದ್ದರು. ರೂಬೇನ ಬಾಗಿಲಲ್ಲೇ ನಿಂತ. ಕೈಯಲ್ಲಿ ಕುಂಬಳಕಾಯಿ ಇತ್ತು.

“ಅಯ್ಯಾ, ಸುವಾರ್ತೆಯ ಪುಸ್ತಕ ಒಯ್ಯುವುದನ್ನೇ ಮರೆತೆ,” ಎಂದ ಯೋವೇಲ. “ಬಾಯಿಗೆ ಬಂದಷ್ಟು ಹೇಳಿದೆ. ಸಾಕಾಯಿತೋ ಇಲ್ಲವೋ.”

ಗುರುಗಳು ಒಲೆಯ ಪಕ್ಕ ಮುಚ್ಚಿಟ್ಟಿದ್ದ ಪಾತ್ರೆಯನ್ನು ತೋರಿಸಿದರು.

“ಅನ್ನ ಬೆಳಿಗ್ಗೆಯೇ ಆಗಿದೆ. ಮೊದಲು ಅವನಿಗೆ ಬಡಿಸು.”