ಮಂಚದ ಕೆಳಗಿನ ಪಾತ್ರೆ

ಇಸ್ರೇಲಿನ ಒಂದು ಕಡಲೂರಿನಲ್ಲಿ ಪ್ರಿಸಿಲ್ಲಕ್ಕ ಇದ್ದರು. ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆಂದು ಮಂಗಳೂರಿನಿಂದ ಬಂದು ಇಪ್ಪತ್ತೆರಡು ವರ್ಷವಾಗಿತ್ತು.

ಅವರು ಬೋಧಕರಲ್ಲ, ಉಪದೇಶಿಯೂ ಅಲ್ಲ. ಆದರೂ ಶನಿವಾರ ಬಂತೆಂದರೆ, ರಜೆ ಸಿಕ್ಕಿದ ನಮ್ಮ ಕಡೆಯ ಹೆಣ್ಣುಮಕ್ಕಳೆಲ್ಲ ಅವರ ಬಾಡಿಗೆ ಕೋಣೆಯಲ್ಲಿ ಸೇರುತ್ತಿದ್ದರು. ಕನ್ನಡದಲ್ಲಿ ಹಾಡುತ್ತಿದ್ದರು, ಕನ್ನಡದಲ್ಲಿ ಅಳುತ್ತಿದ್ದರು, ಆಮೇಲೆ ಮೀನು ಸಾರು ಉಣ್ಣುತ್ತಿದ್ದರು.

ಪ್ರಾರ್ಥನೆ ಬೇಕಾದವರು ಚೀಟಿ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಅಕ್ಕ ಒಂದೊಂದೇ ತೆಗೆದು ಓದುವರು, ಎಲ್ಲರೂ ತಲೆಬಾಗಿ ಪ್ರಾರ್ಥಿಸುವರು. ಗಂಡನ ಕುಡಿತ, ಮಗಳ ಪರೀಕ್ಷೆ, ಅತ್ತೆಯ ಮಂಡಿನೋವು ಎಲ್ಲವೂ ಆ ಡಬ್ಬಿಯ ಮೂಲಕವೇ ದೇವರಿಗೆ ತಲುಪಬೇಕು.

ಒಂದು ಶನಿವಾರ ಹೆಸರಿಲ್ಲದ ಚೀಟಿಯೊಂದು ಬಂತು. ‘ನನ್ನ ಒಂದು ತಪ್ಪನ್ನು ದೇವರು ಕ್ಷಮಿಸುವಂತೆ ಪ್ರಾರ್ಥಿಸಿರಿ.’

ಅಕ್ಕ ಅದನ್ನು ಗಟ್ಟಿಯಾಗಿ ಓದಲಿಲ್ಲ. ಮಡಚಿ ಇಟ್ಟುಕೊಂಡರು.

ಎಲ್ಲರೂ ಹೋದ ಮೇಲೆ ವಿನೋದಿನಿ ಒಬ್ಬಳೇ ತಟ್ಟೆ ತೊಳೆಯುತ್ತ ಉಳಿದಳು. ಉಡುಪಿ ಕಡೆಯ ಹುಡುಗಿ, ಬಂದು ನಾಲ್ಕು ವರ್ಷ. ಯೇಸುಸ್ವಾಮಿ ನಡೆದ ನೆಲದಲ್ಲಿ ಅವಳೂ ದಿನಾ ನಡೆಯುತ್ತಾಳೆಂದು ಊರಿನ ಸಭೆಯವರಿಗೆಲ್ಲ ಹೆಮ್ಮೆ. ಅವಳು ನಡೆಯುವುದು ಔಷಧಿ ಅಂಗಡಿಗೆ, ತರಕಾರಿ ಅಂಗಡಿಗೆ.

ಅಕ್ಕ ಆ ಚೀಟಿಯನ್ನು ಅವಳ ಒದ್ದೆ ಕೈಯಲ್ಲಿಟ್ಟರು.

"ಇದು ವಿಳಾಸ ತಪ್ಪಿ ಬಂದದ್ದು."

ವಿನೋದಿನಿಯ ಮುಖ ಬಿಳುಚಿತು. "ನಂದೇ ಅಂತ ಹೇಗೆ ಗೊತ್ತಾಯ್ತು ಅಕ್ಕಾ?"

"ಇವತ್ತು ಹಾಡುವಾಗ ಬಾಯಿ ಆಡಿಸಿದ್ದು ಬಿಟ್ರೆ ನೀನು ಹಾಡ್ಲೇ ಇಲ್ಲ. ಎಂತ ಆಯ್ತು ಹೇಳು."

ಅವಳು ಹೇಳಿದಳು. ಅವಳು ನೋಡಿಕೊಳ್ಳುತ್ತಿದ್ದದ್ದು ರಿವ್ಕಾ ಅಜ್ಜಿಯನ್ನು. ತೊಂಬತ್ತೊಂದು ವರ್ಷದ ಯೆಹೂದಿ ಮುದುಕಿ, ಭಾರಿ ಮಡಿ. ಮಾಂಸ ಬೇಯಿಸುವ ಪಾತ್ರೆಗೆ ಹಾಲು ತಾಗಕೂಡದು, ಹಾಲಿನ ಪಾತ್ರೆಗೆ ಮಾಂಸ ತಾಗಕೂಡದು. ಮಾಂಸದ ಪಾತ್ರೆಗಳಿಗೆ ಕೆಂಪು ಗುರುತು, ಹಾಲಿನವಕ್ಕೆ ನೀಲಿ. ಎರಡನ್ನೂ ತೊಳೆಯುವ ಸಿಂಕು ಕೂಡ ಬೇರೆ ಬೇರೆ.

ಅಜ್ಜಿಗೆ ಜ್ವರ ಬಂದಿತ್ತು. ಮೂರು ದಿನ ಏನೂ ಮುಟ್ಟಿರಲಿಲ್ಲ. ನಾಲ್ಕನೆಯ ದಿನ, "ಹಾಲು ಹಾಕಿ ರವೆ ಗಂಜಿ ಮಾಡಿಕೊಡ್ತೀಯಾ?" ಎಂದು ಕೇಳಿದರು.

"ನೀಲಿ ಪಾತ್ರೆ ನೆನೆ ಹಾಕಿತ್ತು ಅಕ್ಕಾ. ತಡ ಮಾಡಿದ್ರೆ ಅಜ್ಜಿಯ ಆಸೆಯೇ ಹೋದೀತು ಅಂತ ಹೆದರಿಕೆ. ಕೆಂಪು ಪಾತ್ರೆಯನ್ನು ಸಾಬೂನು ಹಾಕಿ ಮೂರು ಸಲ ತಿಕ್ಕಿದೆ. ನಮ್ಮಲ್ಲಿ ತೊಳೆದ್ರೆ ಆಯ್ತಲ್ಲ? ಅದರಲ್ಲೇ ಗಂಜಿ ಮಾಡಿದೆ."

"ಹಿಂದಿನ ದಿನ ಅದರಲ್ಲಿ ಎಂತ ಬೇಯಿಸಿದ್ದು?"

"ಕೋಳಿ. ಅಜ್ಜಿ ಅದನ್ನು ಮುಟ್ಲಿಲ್ಲ."

"ಗಂಜಿ ಉಂಡ್ರಾ?"

"ಬಟ್ಟಲು ಬೆರಳಲ್ಲಿ ಸವರಿ ತಿಂದ್ರು." ವಿನೋದಿನಿಯ ಕಣ್ಣು ತುಂಬಿತು. "ಇಡೀ ಆಯುಷ್ಯದಲ್ಲಿ ಒಂದು ಸಲ ಕೂಡ ಈ ನಿಯಮ ತಪ್ಪಿದ್ದಿಲ್ಲ ಅಂತ ಅವರೇ ಹೇಳ್ತಿದ್ರು. ನಾನು ತಪ್ಪಿಸಿಬಿಟ್ಟೆ."

ಅಕ್ಕ ತೊಳೆದ ತಟ್ಟೆಯೊಂದನ್ನು ಎತ್ತಿ ಒರೆಸತೊಡಗಿದರು.

"ಎಲ್ಲ ಆಹಾರವೂ ಶುದ್ಧ ಅಂತ ನಮ್ಮ ಸ್ವಾಮಿ ಹೇಳಿದ್ದುಂಟಲ್ಲ ಅಕ್ಕಾ?"

"ನಿನ್ನ ತಟ್ಟೆಗೆ ಹೇಳಿದ್ದು. ಅವರ ತಟ್ಟೆಗಲ್ಲ."

"ಹಾಗಾದ್ರೆ ಪ್ರಾರ್ಥನೆ ಮಾಡಿ. ದೇವರು ಕ್ಷಮಿಸಿದ್ರೆ ಸಾಕು."

"ಪಾತ್ರೆ ಯಾರದ್ದು?"

"ಅಜ್ಜಿದು."

"ಮತ್ತೆ ದೇವರ ಹತ್ರ ಎಂತಕ್ಕೆ ಬಂದೆ?"

ವಿನೋದಿನಿ ತಟ್ಟೆಯನ್ನು ಕೆಳಗಿಟ್ಟಳು. "ಹೇಳಿದ್ರೆ ಕಳಿಸಿಬಿಡ್ತಾರೆ. ನನಗಿಂತ ಮೊದಲಿದ್ದವಳು ಅಡುಗೆಮನೆಯ ನಿಯಮ ತಪ್ಪಿದ್ದಕ್ಕೇ ಹೋದದ್ದು. ಕೆಲಸ ಹೋದ್ರೆ ಮಲಗ್ಲಿಕ್ಕೆ ಜಾಗವೂ ಹೋಯ್ತು. ನಾನಿರುದು ಅವರ ಮನೆಯಲ್ಲೇ ಅಲ್ವಾ?"

"ಹೌದು," ಎಂದರು ಅಕ್ಕ. ಅಷ್ಟೇ ಹೇಳಿ ಉಳಿದ ಸಾರನ್ನು ಡಬ್ಬಿಗೆ ತುಂಬಿ ಕೊಟ್ಟರು.

ಮುಂದಿನ ಶನಿವಾರ ವಿನೋದಿನಿ ಎಲ್ಲರಿಗಿಂತ ಮೊದಲೇ ಬಂದಳು. ಮುಖದಲ್ಲಿ ನಗುವಿತ್ತು.

"ಅಕ್ಕಾ, ಸರಿ ಮಾಡಿದೆ."

"ಹೇಳಿದ್ಯಾ?"

"ಇಲ್ಲ. ಅಂಥದ್ದೇ ಹೊಸ ಪಾತ್ರೆ ತಂದೆ. ಕೆಂಪು ಗುರುತು ಹಾಕಿ ಆ ಜಾಗದಲ್ಲೇ ಇಟ್ಟೆ. ಈಗ ಅಜ್ಜಿಯ ಅಡುಗೆಮನೆ ಶುದ್ಧ. ಅವರಿಗೆ ಬೇಜಾರೂ ಇಲ್ಲ."

"ಹಳೆಯದ್ದೆಲ್ಲಿ?"

"ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಅವರ ಪಾತ್ರೆ ಅಲ್ವಾ? ನನ್ನ ಮಂಚದ ಕೆಳಗೆ ಇಟ್ಟಿದ್ದೇನೆ."

ಅಕ್ಕ ಬೆಳ್ಳುಳ್ಳಿ ಸುಲಿಯುತ್ತಿದ್ದರು. ತಲೆ ಎತ್ತದೆ ಕೇಳಿದರು.

"ನೀನು ಪ್ರಾರ್ಥನೆ ಮಾಡುದು ಎಲ್ಲಿ?"

"ಮಂಚದ ಪಕ್ಕದಲ್ಲಿ. ಮೊಣಕಾಲೂರಿ."

"ಮೊಣಕಾಲೂರಿದ್ರೆ ಎಂತ ಕಾಣ್ತದೆ?"

ವಿನೋದಿನಿಯ ನಗು ಮಾಯವಾಯಿತು. ಐದು ದಿನದಿಂದ ಅವಳು ಮಲಗಿಕೊಂಡೇ ಪ್ರಾರ್ಥಿಸುತ್ತಿದ್ದಳು. ಬೆನ್ನುನೋವು ಅಂತ ತನಗೆ ತಾನೇ ಹೇಳಿಕೊಂಡಿದ್ದಳು, ಪಾಪ.

"ಅಕ್ಕಾ, ನನ್ನಿಂದ ಆಗುದಿಲ್ಲ."

"ಆಗ್ತದೆ."

"ಕಳಿಸಿದ್ರೆ?"

"ಹೋಗು. ಇವತ್ತು ನೀನು ಹಾಡುದು ಬೇಡ, ಊಟವೂ ಬೇಡ. ಮೊದಲು ಹೋಗಿ ಹೇಳಿ ಬಾ."

ಅವಳು ಅಕ್ಕನ ಮುಖ ನೋಡಿದಳು. ಅದರಲ್ಲಿ ಕೋಪವಿರಲಿಲ್ಲ, ಕರುಣೆಯೂ ಕಾಣಲಿಲ್ಲ. ಎಂಥ ಕಲ್ಲುಮನಸ್ಸು ಇವರದ್ದು ಎಂದುಕೊಂಡು ಮೆಟ್ಟಿಲು ಇಳಿದಳು.

ಅಂದು ಸಬ್ಬತ್ತು, ಅಜ್ಜಿಯ ವಿಶ್ರಾಂತಿಯ ದಿನ. ಆ ದಿನವನ್ನು ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ. ಮರುದಿನ ಬೆಳಿಗ್ಗೆ ಚಹಾ ಕೊಟ್ಟಾದ ಮೇಲೆ ಮಂಚದ ಕೆಳಗಿನ ಪಾತ್ರೆಯನ್ನು ತಂದು ಅಜ್ಜಿಯ ಮುಂದೆ ಮೇಜಿನ ಮೇಲಿಟ್ಟಳು. ಬರುವ ಅರೆಬರೆ ಹೀಬ್ರೂ ಮಾತಿನಲ್ಲಿ ಎಲ್ಲವನ್ನೂ ಹೇಳಿದಳು. ಕೋಳಿ, ಗಂಜಿ, ಹೊಸ ಪಾತ್ರೆ, ಯಾವುದನ್ನೂ ಬಿಡಲಿಲ್ಲ.

ಅಜ್ಜಿ ಪಾತ್ರೆಯ ಅಂಚನ್ನು ಬೆರಳಿನಿಂದ ಸವರಿದರು. ಒಂದು ಕಡೆ ಸಣ್ಣ ನೆಗ್ಗು ಇತ್ತು. ಬೆರಳು ಅಲ್ಲೇ ನಿಂತಿತು.

"ಇದು ನನ್ನದು," ಎಂದರು. "ಅಲ್ಲಿರುವುದು ನನ್ನದಲ್ಲ ಅಂತ ಮೊದಲ ದಿನವೇ ಗೊತ್ತಾಯಿತು. ನೀನು ಕದ್ದು ಊರಿಗೆ ಕಳಿಸಿದೆ ಅಂದುಕೊಂಡೆ."

"ಮತ್ತೆ ಏಕೆ ಕೇಳಲಿಲ್ಲ?"

"ನೆಗ್ಗಿದ ಪಾತ್ರೆ ಕದಿಯುವಷ್ಟು ಕಷ್ಟ ಇದೆಯೇನೋ ಅಂತ ಸುಮ್ಮನಿದ್ದೆ."

ವಿನೋದಿನಿಗೆ ನೆಲವೇ ಬಾಯಿಬಿಡಬಾರದೇ ಅನ್ನಿಸಿತು.

"ಫೋನು ಕೊಡು," ಎಂದರು ಅಜ್ಜಿ.

ಸಂಬಳ ಕೊಡುವ ಅಜ್ಜಿಯ ಮಗನಿಗೇ ಫೋನು, ಇನ್ನು ನನ್ನ ಕತೆ ಮುಗಿಯಿತು ಎಂದು ಅವಳು ಅಡುಗೆಮನೆಯ ಗೋಡೆಗೆ ಒರಗಿದಳು. ಆದರೆ ಅಜ್ಜಿ ಮಾತಾಡಿದ್ದು ತಮ್ಮ ಧರ್ಮಗುರುವಿನ ಜೊತೆ. ಬಹಳ ಹೊತ್ತು ಮಾತಾಡಿದರು. ಕೇಳಿದರು, ತಲೆಯಾಡಿಸಿದರು, ಮತ್ತೆ ಕೇಳಿದರು. ಕೊನೆಗೆ ಫೋನು ಇಟ್ಟರು.

"ಗೊತ್ತಿಲ್ಲದೆ ತಿಂದದ್ದಕ್ಕೆ ನಾನು ಕೊರಗಬೇಕಾಗಿಲ್ಲವಂತೆ. ದೊಡ್ಡ ಹಂಡೆಯಲ್ಲಿ ನೀರು ಕುದಿಸಿ ಈ ಪಾತ್ರೆಯನ್ನು ಮುಳುಗಿಸಿ ತೆಗೆಯಬೇಕಂತೆ. ಆಮೇಲೆ ಬಳಸಬಹುದಂತೆ."

"ಮತ್ತೆ ನಾನು?"

"ನಿನ್ನನ್ನೂ ಕುದಿಸಬೇಕು ಅಂತ ಅವರೇನೂ ಹೇಳಲಿಲ್ಲ."

ಹಾಗಂದು ಅಜ್ಜಿ ನಕ್ಕರು. ವಿನೋದಿನಿ ಅಲ್ಲೇ ನೆಲದ ಮೇಲೆ ಕುಸಿದು ಕುಳಿತು ಅತ್ತಳು. ಎರಡು ವಾರದ ಅಳುವೆಲ್ಲ ಒಟ್ಟಿಗೇ ಬಂತು. ಎಷ್ಟು ಹಗುರಾಯಿತೆಂದರೆ, ಅಳುತ್ತಲೇ ಅವಳಿಗೆ ಹಸಿವಾಯಿತು.

ಅಜ್ಜಿ ಅವಳ ಅಳು ನಿಲ್ಲುವವರೆಗೆ ಕಾದರು.

"ಎದ್ದೇಳು. ನೀರು ಕಾಯಲು ಇಡು. ಆಮೇಲೆ ನೀಲಿ ಪಾತ್ರೆಯಲ್ಲಿ ಆ ಗಂಜಿ ಇನ್ನೊಮ್ಮೆ ಮಾಡು. ಚೆನ್ನಾಗಿತ್ತು."

ಮೂರನೆಯ ಶನಿವಾರ ವಿನೋದಿನಿ ಹಾಡಿದ್ದನ್ನು ಪಕ್ಕದ ಮನೆಯವರೂ ಕೇಳಿರಬೇಕು. ಊಟಕ್ಕೆ ಎರಡು ಸಲ ಅನ್ನ ಹಾಕಿಸಿಕೊಂಡಳು. ಎಲ್ಲರೂ ಹೋದ ಮೇಲೆ ಅಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದಳು.

ಅಕ್ಕ ಕುದಿಸುವ ಮಾತಿಗೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ನಿಮಗೆ ಎಷ್ಟು ನಂಬಿಕೆ ಅಕ್ಕಾ!" ಎಂದಳು ವಿನೋದಿನಿ. "ಅಜ್ಜಿ ನನ್ನನ್ನು ಕಳಿಸುದಿಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ?"

"ನಂಗೆಂತ ಗೊತ್ತು? ಆ ಅಜ್ಜಿಯ ಮುಖ ಕೂಡ ನಾನು ನೋಡಿಲ್ಲ."

ವಿನೋದಿನಿ ಬೆಚ್ಚಿದಳು. "ಮತ್ತೆ ಕಳಿಸಿಬಿಟ್ಟಿದ್ರೆ? ನಾನು ಬ್ಯಾಗು ಹಿಡ್ಕೊಂಡು ಬೀದಿಯಲ್ಲಿ ನಿಲ್ಬೇಕಿತ್ತಾ? ಯಾವ ಧೈರ್ಯದಲ್ಲಿ ಹೋಗು ಅಂದ್ರಿ?"

"ದೇವರನ್ನು ನಂಬಿ ಅಂದದ್ದು."

"ಅಷ್ಟೇಯಾ?"

ಅಕ್ಕ ಎದ್ದು ಕೋಣೆಯ ಆಚೆ ತುದಿಯ ಪರದೆ ಸರಿಸಿದರು. ಅವರ ಮಂಚದ ಪಕ್ಕದಲ್ಲಿ ಇನ್ನೊಂದು ಹಾಸಿಗೆ ಹಾಸಿತ್ತು. ಒಗೆದ ಹೊದಿಕೆ, ದಿಂಬು, ದಿಂಬಿನ ಮೇಲೆ ಮಡಚಿಟ್ಟ ಟವೆಲು.

ವಿನೋದಿನಿ ಬಗ್ಗಿ ಆ ಟವೆಲನ್ನು ಮುಟ್ಟಿ ನೋಡಿದಳು.

"ಯಾವಾಗ ಹಾಸಿದ್ದು ಅಕ್ಕಾ?"

"ಕಳೆದ ಶನಿವಾರ, ನೀನು ಮೆಟ್ಟಿಲು ಇಳೀತಿದ್ದಾಗ. ದೇವರನ್ನು ನಂಬಿದ್ದೆ ಅಂದೆನಲ್ಲ ಮಾರಾಯ್ತಿ, ಅದಕ್ಕೇ ಹಾಸಿದ್ದು."