ಒಂದೇ ಗಾಯಕ್ಕೆ ಮೂರು ಬಾಗಿಲು

“ಕರೇಗುಡ್ಡದ ದೊರೆ ವೀರಭೂಪನ ಅಪ್ಪಣೆ. ಕೋಟೆಯ ಕೆಲಸದಲ್ಲೋ ಬೀದಿಯಲ್ಲೋ ಗಾಯಗೊಂಡು ಪರಿಹಾರ ಕೇಳುವವರು ಇನ್ನು ಮೇಲೆ ಮೂರು ಒಗಟು ಬಿಡಿಸಬೇಕು. ಯಾರೇ ಆಗಲಿ, ಮೂರನ್ನೂ ಬಿಡಿಸಿದವನ ಮಾತೇ ಗಾಯದ ವಿಷಯದಲ್ಲಿ ನಾಡಿನ ಕಟ್ಟಳೆ. ಅವನಿಗೆ ಆಸ್ಥಾನದಲ್ಲಿ ಪೀಠ. ಒಂದು ತಪ್ಪಿದರೂ ತಲೆ ಹೋಗುತ್ತದೆ.”

ಹೀಗೆಂದು ಊರೂರಲ್ಲಿ ಡಂಗುರ ಹೊಡೆದರು. ದೊರೆಗೇನೂ ಒಗಟಿನ ಮೇಲೆ ಪ್ರೀತಿ ಇರಲಿಲ್ಲ. ಹೊಸ ಕೋಟೆ ಎದ್ದಷ್ಟೂ ಅರಮನೆಯ ಬಾಗಿಲಲ್ಲಿ ಕೈಕಾಲು ಕಳೆದುಕೊಂಡವರು ಹೆಚ್ಚುತ್ತಿದ್ದರು. ಅವರ ನರಳಾಟದಿಂದ ಪಾಪ, ದೊರೆಯ ಮಧ್ಯಾಹ್ನದ ನಿದ್ದೆ ಕೆಡುತ್ತಿತ್ತು. ತಲೆಯ ಭಯ ಹುಟ್ಟಿಸಿದರೆ ತಾವಾಗಿಯೇ ಜಾಗ ಖಾಲಿ ಮಾಡುತ್ತಾರೆ ಎಂದುಕೊಂಡ. ಒಗಟು ಕಟ್ಟುವುದನ್ನೂ ಉತ್ತರ ಸರಿಯೋ ತಪ್ಪೋ ಹೇಳುವುದನ್ನೂ ಮುದಿ ನ್ಯಾಯಾಧಿಕಾರಿ ಸೋಮಯಾಜಿಗೆ ವಹಿಸಿದ. ಸೋಮಯಾಜಿ ಕಠಿಣ ಮನುಷ್ಯ, ಆದರೆ ಸುಳ್ಳು ಒಗಟು ಕಟ್ಟುವವನಲ್ಲ.

ಬಾಗಿಲಲ್ಲಿ ಕೂತವರಲ್ಲಿ ಸಣ್ಣಬೊಮ್ಮನೂ ಅವನ ಅಕ್ಕ ಕೆಂಚಮ್ಮನೂ ಇದ್ದರು. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿದವಳು ಅವಳೇ. ಕೋಟೆಯ ಸುಣ್ಣದ ಗುಂಡಿಗೆ ನೀರು ಹೊಯ್ಯುವಾಗ ಕುದಿಯುವ ಸುಣ್ಣ ಸಿಡಿದು ಅವಳ ಎರಡೂ ಕಣ್ಣು ಹೋಗಿದ್ದವು. ಮೇಸ್ತ್ರಿ ಮರುದಿನವೇ ಬೇರೊಬ್ಬಳನ್ನು ಗುಂಡಿಯ ಹತ್ತಿರ ನಿಲ್ಲಿಸಿದ. ತಮ್ಮ ಕೂಲಿಗೆ ಹೋದರೆ ಅಕ್ಕ ಒಲೆಯಲ್ಲಿ ಕೈ ಸುಟ್ಟುಕೊಳ್ಳುತ್ತಿದ್ದಳು, ಹೋಗದಿದ್ದರೆ ಇಬ್ಬರಿಗೂ ಉಪವಾಸ. ತಾನು ಸತ್ತರೆ ಇವನಾದರೂ ಬದುಕುತ್ತಾನೆಂದು ಅವಳು ಊಟ ಬಿಡತೊಡಗಿದಳು. ಹಸಿವಿಲ್ಲ ಎನ್ನುತ್ತಿದ್ದಳು. ಅದು ಸುಳ್ಳೆಂದು ಬೊಮ್ಮನಿಗೆ ಗೊತ್ತಿತ್ತು.

ಡಂಗುರ ಕೇಳಿ ಮೊದಲು ಒಳಗೆ ಹೋದವನು ಕಾಲು ಜಜ್ಜಿಹೋದ ಕಲ್ಲುಕುಟಿಗ ದುಗ್ಗಯ್ಯ. ಸೋಮಯಾಜಿ ಕೇಳಿದ: “ಮೂವರಿಗೆ ಬಲಗೈ ಹೋಯಿತು. ಒಬ್ಬನದು ಕೋಟೆಯ ಕಲ್ಲಿನಡಿ, ಒಬ್ಬನದು ಅರಮನೆಯ ಕುದುರೆಬಂಡಿಯ ಗಾಲಿಗೆ, ಒಬ್ಬನದು ವೈದ್ಯನ ಕತ್ತಿಗೆ. ಗಾಯ ಒಂದೇ. ಆದರೂ ಮೂವರೂ ಒಂದೇ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರೆ ನ್ಯಾಯ ಸಿಗದು. ಯಾಕೆ?”

ದುಗ್ಗಯ್ಯನಿಗೆ ಗೊತ್ತಿದ್ದದ್ದು ತನ್ನ ಕಾಲಿನ ಸಂಕಟ ಒಂದೇ. ಕಲ್ಲಿಗೆ ಸಿಕ್ಕವನದೇ ನಿಜವಾದ ಗಾಯ, ಮಿಕ್ಕವರದು ನಾಟಕ ಎಂದ. ಸೋಮಯಾಜಿ ತಲೆ ಅಲ್ಲಾಡಿಸಿದ. ದುಗ್ಗಯ್ಯನನ್ನು ಎಳೆದೊಯ್ದರು.

ಆಮೇಲೆ ಬಂದವನು ಪೀಠದಾಸೆಯ ವಿರೂಪರಾಯ, ಮೈಯಲ್ಲಿ ಒಂದು ಗೀರೂ ಇಲ್ಲದವನು. ಎಲ್ಲವೂ ಹಣೆಬರಹ, ಯಾವ ಬಾಗಿಲು ತಟ್ಟಿದರೂ ಫಲವಿಲ್ಲ ಎಂದ. ದೊರೆಗೆ ಬಹಳ ಹಿಡಿಸಿತು. ಸೋಮಯಾಜಿ ಮತ್ತೆ ತಲೆ ಅಲ್ಲಾಡಿಸಿದ. ಇಷ್ಟು ಒಳ್ಳೆಯ ಉತ್ತರಕ್ಕೂ ತಲೆ ತೆಗೆಸಬೇಕಾಯಿತಲ್ಲ ಎಂದು ದೊರೆ ನೊಂದುಕೊಂಡನಂತೆ.

ಬಾಗಿಲು ಖಾಲಿಯಾಯಿತು. ಉಳಿದವರು ಅಕ್ಕ ತಮ್ಮ, ಎದೆ ಬಡಿದುಕೊಳ್ಳುತ್ತಿದ್ದ ದುಗ್ಗಯ್ಯನ ಹೆಂಡತಿ, ವಿರೂಪರಾಯನ ಮುದಿ ತಾಯಿ. ಬೊಮ್ಮ ಅಕ್ಕನಿಗೆ ನೀರು ತರುತ್ತೇನೆಂದು ಹೇಳಿ ಒಳಗೆ ಹೋದ. ಎಷ್ಟೋ ದಿನ ಆ ಬಾಗಿಲಲ್ಲಿ ಕೂತು ಒಬ್ಬೊಬ್ಬರ ಗೋಳನ್ನೂ ಕೇಳಿದ್ದ.

“ಬುದ್ಧಿ, ಕೈ ಹೋದ್ದನ್ನ ನೋಡಬ್ಯಾಡಿ, ಹೆಂಗೆ ಹೋಯ್ತು ಅನ್ನೋದ ನೋಡಿ,” ಎಂದ. “ಕಲ್ಲಿಗೆ ಸಿಕ್ಕೋನು ಕೆಲಸಕ್ಕೆ ಹಚ್ಚಿದೋರನ್ನ ಕೇಳ್ಬೇಕು. ತಪ್ಪು ಯಾರದು ಅಂತ ಹುಡುಕೋದು ಬ್ಯಾಡ, ಕೆಲಸ ಮಾಡ್ತಾ ಹೋಯ್ತು ಅಂದ್ರೆ ಸಾಕು. ಬಂಡಿಗೆ ಸಿಕ್ಕೋನು ಬಂಡಿ ಯಾರದೋ ಅವರನ್ನ ಕೇಳ್ಬೇಕು. ಆದ್ರೆ ಅಡ್ಡಾದಿಡ್ಡಿ ಓಡಿಸಿದ್ರು ಅಂತ ಕಂಡೋರು ಹೇಳ್ಬೇಕು. ವೈದ್ಯನ ಹತ್ರ ಕೈ ಹೋಯ್ತು ಅಂದ್ರೆ ಸಾಲ್ದು. ಇನ್ನೊಬ್ಬ ಒಳ್ಳೆ ವೈದ್ಯ ಹಂಗೆ ಕೊಯ್ತಿರ್ಲಿಲ್ಲ ಅಂತ ತೋರಿಸ್ಬೇಕು.”

ಸೋಮಯಾಜಿ ಮೊದಲ ಸಲ ತಲೆದೂಗಿದ. ಎರಡನೆಯದನ್ನು ಕೇಳಿದ: “ಗಾಯ ಮಾಗಿತು, ಪಟ್ಟಿ ಬಿಚ್ಚಿದರು, ನೋವೂ ನಿಂತಿತು. ಆದರೂ ಬೆಳಗಾದರೆ ಅದು ಮನೆಯಲ್ಲಿ ಉಣ್ಣಲು ಕೂರುತ್ತದೆ. ಏನದು?”

ಬೊಮ್ಮ ಇದಕ್ಕೆ ಯೋಚಿಸಲೇ ಇಲ್ಲ. ಬಾರದೆ ಹೋದ ಕೂಲಿ ಎಂದ. ಅಕ್ಕನ ಕಣ್ಣಲ್ಲಿ ಈಗ ಉರಿಯಿಲ್ಲ; ಆದರೆ ಅವಳು ಸಾಯುವತನಕ ದುಡಿಯಬಹುದಾಗಿದ್ದ ದುಡಿಮೆ ಹೋಯಿತು, ಅವಳ ಕೈಹಿಡಿದು ನಡೆಸುವವನ ದುಡಿಮೆಯೂ ಹೋಯಿತು. ಮದ್ದಿನ ಖರ್ಚು ಕೊಟ್ಟು ಕೈತೊಳೆದುಕೊಂಡರೆ ಈ ಎರಡನ್ನು ತುಂಬಿಕೊಡುವವರು ಯಾರು ಎಂದು ಕೇಳಿದ.

ದೊರೆಯ ಮುಖ ಬಿಗಿಯಿತು. ಸೋಮಯಾಜಿ ಮೂರನೆಯದನ್ನು ತಗ್ಗಿದ ದನಿಯಲ್ಲಿ ಕೇಳಿದ: “ಒಬ್ಬ ಸ್ಥಳದಲ್ಲೇ ಸತ್ತ. ಹೆಣಕ್ಕೆ ನೋವಿಲ್ಲ, ಹಸಿವಿಲ್ಲ. ಈಗ ಗಾಯ ಯಾರ ಮೈಮೇಲಿದೆ?”

“ಅವನ ದುಡಿಮೆ ನೆಚ್ಚಿಕೊಂಡೋರ ಮೈಮೇಲೆ,” ಎಂದ ಬೊಮ್ಮ. “ಹೆಂಡ್ತಿ, ಮಕ್ಕಳು, ಮುದುಕ್ರು. ಕೇಳೋ ಬಾಯೂ ಅವರದ್ದೇ.”

ಅಲ್ಲಿಗೆ ನಿಲ್ಲಿಸಿದ್ದರೆ ಜೀವಕ್ಕೆ ಅಪಾಯವಿರಲಿಲ್ಲ. ಆದರೆ ಹೊರಗಿನ ಅಳು ಒಳಗೆ ಕೇಳುತ್ತಿತ್ತು, ಅವನಿಗೆ ತಡೆಯಲಾಗಲಿಲ್ಲ.

“ದುಗ್ಗಯ್ಯ ಬಂದಿದ್ದು ಕಾಲಿಗೆ ಪರಿಹಾರ ಕೇಳಾಕೆ, ಬುದ್ಧಿ. ಹೋಗಿದ್ದು ತಲೆ. ಅವನ ಹೆಂಡ್ತಿ ತಟ್ಟಬೇಕಾದ ಬಾಗಿಲು ಇದೇ. ವಿರೂಪರಾಯ್ರ ತಾಯಿ ತಟ್ಟೋದೂ ಇದನ್ನೇ.”

ದೊರೆ ಕತ್ತಿಗೆ ಕೈಹಾಕಿದ. ಸೋಮಯಾಜಿ ಎದ್ದು ನಿಂತು, ಉತ್ತರ ಈಗ ಪೂರ್ತಿಯಾಯಿತು ಎಂದ. ದೊರೆ ಕೈ ತೆಗೆದ. ಅದು ಒಳ್ಳೆಯತನವಲ್ಲ. ಡಂಗುರ ಹೊಡೆಸಿದ ಒಂದು ಮಾತು ನುಂಗಿದರೆ ಮುಂದಿನ ಡಂಗುರಕ್ಕೆ ಯಾರೂ ಹೆದರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಬೊಮ್ಮ ಅಂದೇ ಪೀಠದಲ್ಲಿ ಕೂತು ಮೊದಲು ದುಗ್ಗಯ್ಯನ ಹೆಂಡತಿಯನ್ನು ಕರೆಸಿದ. ಕೋಟೆಯ ಕಲ್ಲು ಬೀಳುವುದೇನೂ ನಿಲ್ಲಲಿಲ್ಲ. ಬಿದ್ದಾಗ ಕೇಳಲು ಒಂದು ದಾರಿಯಾಯಿತು, ಅಷ್ಟೆ.

ಸಂಜೆ ಅಕ್ಕನನ್ನು ಗುಡಿಸಲಿಗೆ ಕರೆತಂದು, ಬದುಕಿರುವಷ್ಟು ಕಾಲ ಅವಳಿಗೆ ರಾಗಿ, ಬಟ್ಟೆ, ಒಲೆಯ ಹತ್ತಿರ ಒಬ್ಬ ಆಳು, ಎಲ್ಲ ಸಿಕ್ಕಿತೆಂದು ಹೇಳಿದ. ಕೆಂಚಮ್ಮ ಅವನ ಕತ್ತನ್ನು ಸುತ್ತಲೂ ತಡವಿ ನೋಡಿದಳು.

“ಇದು ಹೋಗಿದ್ರೆ ನಂಗೇನು ಕೊಡ್ತಿದ್ರೋ, ತಮ್ಮಾ?” ಎಂದಳು.

ಬೊಮ್ಮ ಮುದ್ದೆ ಮುರಿದು ಅವಳ ಕೈಗಿಟ್ಟ. ಅವತ್ತು ಅವಳು ಹೊಟ್ಟೆತುಂಬ ಉಂಡಳು.